ಸೋರುವ ತಾರಸಿ: ಕಾರಣ ತಿಳಿದು ಗುತ್ತಿಗೆದಾರರನ್ನು ಆರಿಸುವ ಬಗೆ

ಬೆಂಗಳೂರಿನಲ್ಲಿ ಏಪ್ರಿಲ್ ತಿಂಗಳ ಗುಡುಗು ಮಳೆಯಿಂದ ಹಿಡಿದು ಹಿಂಗಾರು ಮುಗಿಯುವವರೆಗೆ ತಾರಸಿಗಳು ಆಗಾಗ ನೆನೆಯುತ್ತಲೇ ಇರುತ್ತವೆ; ಸಾಮಾನ್ಯವಾಗಿ ಅತಿ ಹೆಚ್ಚು ಮಳೆ ಬೀಳುವುದು ಸೆಪ್ಟೆಂಬರ್ ಮತ್ತು ಅಕ್ಟೋಬರ್‌ನಲ್ಲಿ. ಹೆಚ್ಚಿನ ಮನೆಯವರು ವಾಟರ್‌ಪ್ರೂಫಿಂಗ್ ಮಾಡುವವರನ್ನು ಹುಡುಕಲು ಹೊರಡುವುದೂ ಆಗಲೇ. ಆ ಹೊತ್ತಿಗೆ ಸ್ಲ್ಯಾಬು ನೀರು ಕುಡಿದಿರುತ್ತದೆ, ಒಳ್ಳೆಯ ಕೆಲಸಗಾರರಿಗೆ ಬಿಡುವಿರುವುದಿಲ್ಲ, ಮನೆಯವರಿಗೆ ಆತುರವಿರುತ್ತದೆ. ಸೋರುವ ಜಾಗಗಳನ್ನು ಮಳೆಗಾಲದಲ್ಲಿ ಗುರುತು ಮಾಡಿ, ದಿನಾಂಕದೊಂದಿಗೆ ಫೋಟೊ ತೆಗೆದಿಟ್ಟುಕೊಂಡು, ಕೆಲಸವನ್ನು ಜನವರಿಯಿಂದ ಮಾರ್ಚ್‌ವರೆಗಿನ ಒಣ ದಿನಗಳಲ್ಲಿ ಮಾಡಿಸುವುದು ಈ ಊರಿನ ಹವೆಗೆ ಹೊಂದುವ ಕ್ರಮ.

ಯಾರನ್ನು ಕರೆಸುವುದಕ್ಕೂ ಮುಂಚೆ ನೀರು ಎಲ್ಲಿಂದ ಬರುತ್ತಿದೆ ಎಂಬುದನ್ನು ನಾವೇ ಸ್ವಲ್ಪ ವಿಚಾರಿಸಿಕೊಳ್ಳಬೇಕು. ಮಳೆಯಿಲ್ಲದ ಫೆಬ್ರವರಿಯಲ್ಲೂ ಒದ್ದೆಯಾಗಿರುವ ಕಲೆಗೆ ಮಳೆ ಕಾರಣವಾಗಿರಲಾರದು. ಮೇಲಿನ ಮಹಡಿಯ ಬಚ್ಚಲುಮನೆ, ತುಂಬಿ ಹರಿಯುವ ಟ್ಯಾಂಕು, ಸೋಲಾರ್ ಹೀಟರಿನ ಪೈಪಿನ ಜಾಯಿಂಟು ಇವುಗಳಲ್ಲಿ ಒಂದನ್ನು ಸಂಶಯಿಸಬೇಕು. ಟ್ಯಾಂಕಿನ ನೀರನ್ನು ರಾತ್ರಿ ನಿಲ್ಲಿಸಿ ಬೆಳಿಗ್ಗೆ ಮಟ್ಟ ನೋಡಿದರೆ ಎಷ್ಟೋ ಗೊಂದಲ ಅಲ್ಲಿಗೇ ಬಗೆಹರಿಯುತ್ತದೆ. ಕಲೆ ಕಂಡ ಜಾಗದ ನೇರ ಮೇಲೆಯೇ ತೂತು ಇರಬೇಕೆಂದೇನೂ ಇಲ್ಲ. ಸ್ಲ್ಯಾಬಿನೊಳಗೆ ಹೊಕ್ಕ ನೀರು ವಿದ್ಯುತ್ ಕೊಳವೆಯ ಗುಂಟ ಹತ್ತಾರು ಅಡಿ ಸಾಗಿ, ಫ್ಯಾನಿನ ಕೊಕ್ಕೆಯ ಬಳಿ ಹೊರಬರುವುದು ಸಾಮಾನ್ಯ. ದೀಪದ ಪಾಯಿಂಟಿನಲ್ಲಿ ನೀರು ತೊಟ್ಟಿಕ್ಕುತ್ತಿದ್ದರೆ ಮೊದಲು ಆ ಕೋಣೆಯ ವಿದ್ಯುತ್ತನ್ನು ಬೋರ್ಡಿನಲ್ಲೇ ಆರಿಸಬೇಕು.

ಕಾಂಕ್ರೀಟ್ ತಾರಸಿಯಲ್ಲಿ ದೋಷ ಕಾಣಿಸುವ ಜಾಗಗಳು ಹೆಚ್ಚುಕಡಿಮೆ ಗೊತ್ತಿರುವಂಥವೇ. ತಾರಸಿ ಮತ್ತು ಪ್ಯಾರಪೆಟ್ ಗೋಡೆ ಸೇರುವ ಮೂಲೆ ಬಿಸಿಲಿಗೆ ಹಿಗ್ಗಿ, ತಂಪಿಗೆ ಕುಗ್ಗಿ ಬಾಯಿಬಿಡುತ್ತದೆ. ನೀರು ಇಳಿಯುವ ಪೈಪಿನ ಸುತ್ತಲಿನ ಗಾರೆ ಸಡಿಲವಾಗುತ್ತದೆ. ಡಿಶ್ ಆಂಟೆನಾಕ್ಕೋ ಸೋಲಾರ್ ಸ್ಟ್ಯಾಂಡಿಗೋ ಹೊಡೆದ ಬೋಲ್ಟುಗಳು ನೀರಿಗೆ ದಾರಿ ಮಾಡಿಕೊಡುತ್ತವೆ. ಇವೆಲ್ಲಕ್ಕಿಂತ ಹೆಚ್ಚಾಗಿ ತೊಂದರೆ ಕೊಡುವುದು ವಾಟವಿಲ್ಲದ ತಾರಸಿ. ಪ್ರತಿ ನೂರು ಅಡಿಗೆ ಒಂದು ಅಡಿಯಷ್ಟಾದರೂ ಇಳಿಜಾರು ಪೈಪಿನ ಕಡೆಗೆ ಇರಬೇಕು. 30×40 ಅಡಿ ನಿವೇಶನದಷ್ಟು ಅಗಲದ ಚಾವಣಿಯ ಮೇಲೆ 50 ಮಿಲಿಮೀಟರ್ ಮಳೆ ಸುರಿದರೆ ಸುಮಾರು 5,500 ಲೀಟರ್ ನೀರು ಸೇರುತ್ತದೆ. ಅದಕ್ಕೆ ಹರಿಯುವ ದಾರಿ ಇಲ್ಲದಿದ್ದರೆ ಮೇಲೆ ಎಷ್ಟು ಬೆಲೆಯ ಬಣ್ಣ ಬಳಿದರೂ ಉಳಿಯದು.

ಒಳಗಿನಿಂದ ಗಾರೆ ಉಬ್ಬಿ ಉದುರಿ, ಕಂಬಿಗಳು ಕಾಣಿಸುತ್ತಿದ್ದರೆ ಅದನ್ನು ಬೇರೆಯಾಗಿಯೇ ನೋಡಬೇಕು. ಕಬ್ಬಿಣ ತುಕ್ಕು ಹಿಡಿದಾಗ ಅದರ ಗಾತ್ರ ಹಲವು ಪಟ್ಟು ಹಿಗ್ಗಿ ಕಾಂಕ್ರೀಟನ್ನು ಸೀಳುತ್ತದೆ. ಇದರ ಮೇಲೆ ಹೊಸ ಗಾರೆ ಮೆತ್ತಿ ಸುಣ್ಣ ಬಳಿಯುವುದು ಮನೆಯಲ್ಲಿರುವವರ ಪ್ರಾಣದ ಮೇಲೆ ಮಾಡುವ ಉಳಿತಾಯ. ಸಡಿಲ ಕಾಂಕ್ರೀಟನ್ನು ಕೆತ್ತಿ, ತುಕ್ಕು ಉಜ್ಜಿ, ಕಂಬಿಗೆ ರಕ್ಷಕ ಲೇಪ ಕೊಟ್ಟು, ಪಾಲಿಮರ್ ಬೆರೆಸಿದ ಗಾರೆಯಿಂದ ತುಂಬಬೇಕು. ಹಾನಿ ಹೆಚ್ಚಿದ್ದರೆ ಸ್ಟ್ರಕ್ಚರಲ್ ಎಂಜಿನಿಯರ್ ನೋಡದೆ ಕೆಲಸ ಆರಂಭಿಸಬಾರದು.

ಬಸವನಗುಡಿ, ಮಲ್ಲೇಶ್ವರದ ಹಳೆಯ ಮನೆಗಳಲ್ಲಿ ಉಳಿದಿರುವ ಮದ್ರಾಸ್ ತಾರಸಿಯ ರೀತಿ ಬೇರೆ. ಮರದ ತೊಲೆಗಳ ಮೇಲೆ ಇಟ್ಟಿಗೆಯನ್ನು ಅಂಚಿನ ಮೇಲೆ ನಿಲ್ಲಿಸಿ ಸುಣ್ಣದ ಗಾರೆಯಲ್ಲಿ ಕಟ್ಟಿದ ಚಾವಣಿ ಅದು. ಸುಣ್ಣ ಉಸಿರಾಡುತ್ತದೆ; ಅದರ ಮೇಲೆ ಸಿಮೆಂಟ್ ಹಾಸಿದರೆ ತೇವ ಒಳಗೇ ಸಿಕ್ಕಿಕೊಂಡು ತೊಲೆ ಕೊಳೆಯುತ್ತದೆ. ಸುಣ್ಣದ ಕೆಲಸ ತಿಳಿದ ಮೇಸ್ತ್ರಿಗಳು ಈಗ ವಿರಳ, ಆದರೂ ಹುಡುಕುವ ಶ್ರಮ ವ್ಯರ್ಥವಾಗದು. ಮಂಗಳೂರು ಹೆಂಚಿನ ಮಾಡಿನಲ್ಲಿ ಒಡೆದ ಹೆಂಚು ಬದಲಿಸಿ, ಹೆಂಚನ್ನು ಹೊರುವ ಮರದ ರೀಪು ಮತ್ತು ಪಕಾಸಿಗಳಿಗೆ ಗೆದ್ದಲು ಹತ್ತಿದೆಯೇ ನೋಡಿದರೆ ಬಹುಪಾಲು ಕೆಲಸ ಮುಗಿಯುತ್ತದೆ.

ಗುತ್ತಿಗೆದಾರರನ್ನು ಆರಿಸುವಾಗ ನಾನು ಮೊದಲು ಗಮನಿಸುವುದು ಅವರು ಎಷ್ಟು ಹೊತ್ತು ನೋಡುತ್ತಾರೆ ಎಂಬುದನ್ನು. ಫೋನಿನಲ್ಲೇ ಚದರಡಿಗೆ ಇಷ್ಟು ಎಂದು ದರ ಹೇಳುವವರಿಗಿಂತ, ಮೊದಲು ಕೆಳಗಿನ ಕೋಣೆಯ ಕಲೆ ನೋಡಿ, ನಂತರ ತಾರಸಿಗೆ ಹತ್ತಿ, ಸುತ್ತಿಗೆಯಿಂದ ತಟ್ಟಿ ಎಲ್ಲಿ ಪೊಳ್ಳು ಸದ್ದು ಬರುತ್ತದೆಂದು ಕೇಳಿ, ಹಿಂದೆ ಏನು ಹಾಕಿಸಿದ್ದೀರಿ ಎಂದು ವಿಚಾರಿಸುವವರು ನಂಬಿಕೆಗೆ ಹತ್ತಿರದವರು. ಕನಿಷ್ಠ ಮೂವರಿಂದ ಅಂದಾಜು ಪಡೆಯಿರಿ. ಅವರು ಹಿಂದೆ ಮಾಡಿದ ಕೆಲಸಗಳ ಪೈಕಿ ಎರಡು ಮಳೆಗಾಲವನ್ನಾದರೂ ಕಂಡ ತಾರಸಿಯನ್ನು ತೋರಿಸಲು ಕೇಳಿ, ಆ ಮನೆಯವರೊಂದಿಗೆ ಮಾತನಾಡಿ. ಹಳೆಯ ಪದರದ ಮೇಲೆಯೇ ಮತ್ತೊಂದು ಕೋಬಾ (ಇಟ್ಟಿಗೆ ಚೂರು ಮತ್ತು ಗಾರೆಯ ಹಾಸು) ಹಾಕೋಣ ಎನ್ನುವವರನ್ನು ಭಾರದ ಲೆಕ್ಕ ಕೇಳಬೇಕು, ಏಕೆಂದರೆ ನಾಲ್ಕು ಇಂಚಿನ ಇಟ್ಟಿಗೆ ಚೂರಿನ ಕೋಬಾ ಪ್ರತಿ ಚದರ ಮೀಟರಿಗೆ ಸರಿಸುಮಾರು 200 ಕಿಲೊ ತೂಗುತ್ತದೆ. ಹಾಗೆಯೇ, ಸೋರುವ ತಾರಸಿಯ ಮೇಲೆ ತಗಡಿನ ಶೀಟು ಹೊದಿಸುವ ಸಲಹೆ ಬಂದರೆ, ಗಾಳಿಗೆ ಕಂಬಗಳನ್ನು ಎಲ್ಲಿ, ಹೇಗೆ ಬಿಗಿಯುತ್ತಾರೆ ಎಂದು ಕೇಳಿ. ಸ್ಲ್ಯಾಬಿಗೆ ಹೊಸ ತೂತುಗಳನ್ನು ಕೊರೆಯುವ ಯೋಜನೆಯಾದರೆ ಅದು ಮತ್ತೊಂದು ಸೋರಿಕೆಗೆ ಆರಂಭ.

ಅಂದಾಜು ಪತ್ರದಲ್ಲಿ "ವಾಟರ್‌ಪ್ರೂಫಿಂಗ್, 1,200 ಚದರಡಿ" ಎಂದಷ್ಟೇ ಇದ್ದರೆ ಅದರಿಂದ ಪ್ರಯೋಜನವಿಲ್ಲ. ಹಳೆಯ ಪದರ ತೆಗೆಯುತ್ತಾರೆಯೇ, ಬಿರುಕನ್ನು ಅಗಲಿಸಿ ಯಾವುದರಿಂದ ತುಂಬುತ್ತಾರೆ, ಯಾವ ಕಂಪನಿಯ ಯಾವ ಲೇಪ, ಎಷ್ಟು ಕೋಟು, ಒಂದು ಕೋಟಿಗೂ ಇನ್ನೊಂದಕ್ಕೂ ನಡುವೆ ಎಷ್ಟು ಗಂಟೆ, ಪ್ಯಾರಪೆಟ್ ಮೇಲೆ ಎಷ್ಟು ಎತ್ತರದವರೆಗೆ ಹತ್ತಿಸುತ್ತಾರೆ, ಅವಶೇಷವನ್ನು ಯಾರು ಎಲ್ಲಿಗೆ ಸಾಗಿಸುತ್ತಾರೆ ಎಂಬುದೆಲ್ಲ ಬರಹದಲ್ಲಿರಬೇಕು. ರಾಜಕಾಲುವೆಗೆ ಸುರಿದ ಅವಶೇಷ ಮುಂದಿನ ಮಳೆಯಲ್ಲಿ ಬಡಾವಣೆಗೇ ನೀರು ನುಗ್ಗಿಸುತ್ತದೆ. ಲೇಪದ ಡಬ್ಬಗಳನ್ನು ನಿಮ್ಮೆದುರೇ ತೆರೆಯಿಸಿ, ತಯಾರಿಕೆಯ ದಿನಾಂಕ ನೋಡಿ, ನೀರು ಎಷ್ಟು ಬೆರೆಸಬೇಕೆಂದು ಡಬ್ಬದ ಮೇಲೆಯೇ ಬರೆದಿರುವುದನ್ನು ಓದಿ. ಒದ್ದೆ ಸ್ಲ್ಯಾಬಿನ ಮೇಲೆ ಬಳಿದ ಅಕ್ರಿಲಿಕ್ ಲೇಪ ಗುಳ್ಳೆಯೆದ್ದು ಕಿತ್ತುಬರುತ್ತದೆ. ನೀರು ನಿಲ್ಲುವ ತಾರಸಿಗೂ ಅದು ಹೊಂದದು.

ಕಾಂಕ್ರೀಟ್ ತಾರಸಿಯಾದರೆ, ಲೇಪ ಪೂರ್ತಿ ಒಣಗಿದ ಮೇಲೆ ಪೈಪಿನ ಬಾಯಿ ಮುಚ್ಚಿ ಎರಡು ಇಂಚು ನೀರು ಕಟ್ಟಿ, ಎರಡು ದಿನ ಬಿಟ್ಟು, ಕೆಳಗಿನಿಂದ ಪರೀಕ್ಷಿಸುವ ಷರತ್ತು ಒಪ್ಪಂದದಲ್ಲಿರಲಿ. ಮುಂಗಡ, ಅರ್ಧ ಕೆಲಸಕ್ಕೆ, ಈ ಪರೀಕ್ಷೆಯ ನಂತರ ಎಂದು ಹಣವನ್ನು ಭಾಗ ಮಾಡಿ, ಒಂದಷ್ಟನ್ನು ಮೊದಲ ಮಳೆಗಾಲ ಮುಗಿಯುವವರೆಗೆ ಉಳಿಸಿಕೊಳ್ಳುವುದನ್ನು ಮೊದಲೇ ಒಪ್ಪಿಸಿಕೊಳ್ಳಬೇಕು. ವಾರಂಟಿ ಕೊಡುವವರು ಲೇಪದ ಕಂಪನಿಯೋ ಗುತ್ತಿಗೆದಾರರೋ ಎಂಬುದನ್ನೂ ಕೇಳಿ. ಕಂಪನಿಯ ವಾರಂಟಿ ಅನೇಕ ವೇಳೆ ಸಾಮಗ್ರಿಗೆ ಮಾತ್ರ ಸೀಮಿತ. ಬಿಲ್ಲು, ಒಪ್ಪಂದ, ಫೋಟೊಗಳು ಕೈಯಲ್ಲಿದ್ದರೆ ಮಾತು ತಪ್ಪಿದವರ ವಿರುದ್ಧ ಜಿಲ್ಲಾ ಗ್ರಾಹಕರ ಆಯೋಗಕ್ಕೆ ದೂರು ಕೊಡಲು ಆಧಾರವಿರುತ್ತದೆ.

ಅಪಾರ್ಟ್‌ಮೆಂಟಿನ ಕೊನೆಯ ಮಹಡಿಯಲ್ಲಿರುವವರು ಈ ಖರ್ಚನ್ನು ಒಬ್ಬರೇ ಹೊರಬೇಕಾಗಿಲ್ಲ. 1972ರ ಕರ್ನಾಟಕ ಅಪಾರ್ಟ್‌ಮೆಂಟ್ ಮಾಲೀಕತ್ವ ಕಾಯ್ದೆಯಲ್ಲಿ ಚಾವಣಿ ಸಾಮಾನ್ಯ ಭಾಗಗಳಲ್ಲೇ ಸೇರಿರುವುದರಿಂದ, ಬೇರೆ ಒಪ್ಪಂದವಿಲ್ಲದಿದ್ದರೆ ದುರಸ್ತಿಯ ಹೊಣೆಯನ್ನು ಸಂಘದ ಮುಂದಿಡಬಹುದು. ರೇರಾ (ರಿಯಲ್ ಎಸ್ಟೇಟ್ ನಿಯಂತ್ರಣ ಕಾಯ್ದೆ) ಅನ್ವಯವಾಗುವ ಹೊಸ ಕಟ್ಟಡವಾದರೆ, ಸ್ವಾಧೀನ ಪಡೆದ ಐದು ವರ್ಷದೊಳಗೆ ತಿಳಿಸಿದ ಕಟ್ಟಡದ ಅಥವಾ ಕೆಲಸದ ಗುಣಮಟ್ಟದ ದೋಷವನ್ನು 30 ದಿನಗಳಲ್ಲಿ ಉಚಿತವಾಗಿ ಸರಿಪಡಿಸುವುದು ಬಿಲ್ಡರ್‌ ಹೊಣೆ. ಆ ದೂರನ್ನು ಬರಹದಲ್ಲೇ ಕೊಟ್ಟು ಸ್ವೀಕೃತಿ ಪಡೆಯಿರಿ. ಅದಕ್ಕೆ ಮೊದಲು ನಿಮ್ಮ ಖರ್ಚಿನಲ್ಲಿ ತಾರಸಿಯನ್ನು ಕೆದಕಿಸಬೇಡಿ.