ಫೈಟ್ ಸಿನಿಮಾ ಹಾಕುವ ಮೊದಲು ಟಿವಿಯ ಈ ಸೆಟ್ಟಿಂಗ್ ಆಫ್ ಮಾಡಿ

ಹೋದ ಭಾನುವಾರ ಹುಬ್ಬಳ್ಳಿಯ ವಿದ್ಯಾನಗರದಲ್ಲಿ ಅಕ್ಕನ ಮನೆಗೆ ಹೋಗಿದ್ದೆ. ಹೊಸ ಟಿವಿ, ಹೊಸದಾಗಿ ಕಟ್ಟಿದ ಓಟಿಟಿ ಚಂದಾ, ಎಲ್ಲರ ಕೈಯಲ್ಲೂ ಗಿರ್ಮಿಟ್ ತಟ್ಟೆ. ಫೈಟ್ ಶುರುವಾಯಿತು. ಹೀರೊ ಲಾರಿ ಮೇಲಿಂದ ಜಿಗಿದರೆ ಸಂಜೆ ಧಾರಾವಾಹಿಯ ಸೆಟ್ಟಿನಲ್ಲಿ ಜಿಗಿದ ಹಾಗೆ ಕಾಣುತ್ತಿತ್ತು. "ಪಿಕ್ಚರ್ ಚಲೋ ಇಲ್ಲ ಬಿಡು" ಅಂದರು ಮಾಮಾ. ಪಿಕ್ಚರ್ ಚೆನ್ನಾಗಿಯೇ ಇತ್ತು, ಟಿವಿ ಅದನ್ನು ಕೆಡಿಸುತ್ತಿತ್ತು. ಎಷ್ಟು ಮನೆಗಳಲ್ಲಿ ಇದನ್ನೇ ನೋಡಿದ್ದೇನೆ!

ಮೊದಲು ಆಪ್ ಅಪ್‌ಡೇಟ್ ಮಾಡಿ, ಇಂಟರ್ನೆಟ್ ಸ್ಪೀಡ್ ನೋಡಿ. ನೆಟ್‌ಫ್ಲಿಕ್ಸ್ ಲೆಕ್ಕದಲ್ಲಿ ಫುಲ್ ಎಚ್‌ಡಿಗೆ 5 ಎಂಬಿಪಿಎಸ್, 4ಕೆಗೆ 15 ಬೇಕು. ಅಷ್ಟಿದ್ದರೆ ಮುಂದೆ ಹೋಗಿ.

ಈಗ ಮುಖ್ಯ ಕೆಲಸ. ಸಿನಿಮಾ ಸಾಮಾನ್ಯವಾಗಿ ತೆಗೆಯುವುದು ಸೆಕೆಂಡಿಗೆ 24 ಫ್ರೇಮ್‌ನಲ್ಲಿ, ಅಂದರೆ 24 ಬಿಡಿ ಚಿತ್ರಗಳಲ್ಲಿ. ಇವತ್ತಿನ ಟಿವಿಗಳು ಆ ಫ್ರೇಮ್‌ಗಳ ನಡುವೆ ತಾವೇ ಊಹಿಸಿ ಹೊಸ ಫ್ರೇಮ್ ತುರುಕುತ್ತವೆ. ಕ್ರಿಕೆಟ್ಟಿಗೆ ಅದು ಸರಿ, ಚೆಂಡು ಸ್ಪಷ್ಟ ಕಾಣುತ್ತದೆ. ಫೈಟಿನಲ್ಲಿ ಮಾತ್ರ ಎಲ್ಲ ನುಣ್ಣಗೆ ಜಾರಿ ಹೊಡೆತದ ತೂಕವೇ ಹೋಗಿಬಿಡುತ್ತದೆ. ಹಾಲಿವುಡ್ ನಟ ಟಾಮ್ ಕ್ರೂಸ್ 2018ರ ಡಿಸೆಂಬರಿನಲ್ಲಿ ಒಂದು ವಿಡಿಯೊ ಮಾಡಿ, ಇದನ್ನು ಆಫ್ ಮಾಡಿ ಎಂದು ಜನರನ್ನು ಕೇಳಿಕೊಂಡಿದ್ದು ಇದೇ ಕಾರಣಕ್ಕೆ. ಎಲ್‌ಜಿಯಲ್ಲಿ ಇದರ ಹೆಸರು ಟ್ರೂಮೋಷನ್, ಸೋನಿಯಲ್ಲಿ ಮೋಷನ್‌ಫ್ಲೋ, ಸ್ಯಾಮ್‌ಸಂಗ್‌ನಲ್ಲಿ ಆಟೋ ಮೋಷನ್ ಪ್ಲಸ್ ಇಲ್ಲವೇ ಪಿಕ್ಚರ್ ಕ್ಲಾರಿಟಿ. ಪಿಕ್ಚರ್ ಸೆಟ್ಟಿಂಗಿನ ಒಳಗೆ, ಅಡ್ವಾನ್ಸ್ಡ್ ಅನ್ನುವ ಕಡೆ ಸಿಗುತ್ತದೆ.

ಹೆಚ್ಚಿನವರು ಎಡವುವುದು ಇಲ್ಲೇ. ಕೇಬಲ್ ಚಾನೆಲ್ ನೋಡುತ್ತಾ ಆಫ್ ಮಾಡುತ್ತಾರೆ, ಆಮೇಲೆ ಓಟಿಟಿ ತೆರೆದರೆ ಮತ್ತೆ ಅದೇ ಹಾಡು. ಬಹಳಷ್ಟು ಟಿವಿಗಳಲ್ಲಿ ಒಂದೊಂದು ಇನ್‌ಪುಟ್ಟಿಗೂ ಒಂದೊಂದು ಪಿಕ್ಚರ್ ಮೋಡಿಗೂ ಸೆಟ್ಟಿಂಗ್ ಬೇರೆ. ಬೆಳಕು, ಬಣ್ಣ ಹೆಚ್ಚು ಚೆನ್ನಾಗಿ ತೋರಿಸುವ ಎಚ್‌ಡಿಆರ್, ಡಾಲ್ಬಿ ವಿಷನ್ ಸಿನಿಮಾ ಹಾಕಿದಾಗ ಇನ್ನೂ ಬೇರೆ. ಅದಕ್ಕೇ ಸಿನಿಮಾ ಓಡುತ್ತಿರುವಾಗಲೇ ಮೆನು ತೆಗೆದು ಆಫ್ ಮಾಡಿ. ಆಮೇಲೆ ಒಂದು ನಿಮಿಷ ಹಿಂದೆ ಹೋಗಿ ಅದೇ ಸೀನ್ ನೋಡಿ. ಮೊದಲು ಸ್ವಲ್ಪ ಕುಲುಕಿದ ಹಾಗೆ ಅನ್ನಿಸುತ್ತದೆ, ಹತ್ತು ನಿಮಿಷ ತಾಳಿ, ಕಣ್ಣು ಹೊಂದಿಕೊಳ್ಳುತ್ತದೆ. ಸಿನಿಮಾ ತೆಗೆದವರು ಬಯಸಿದ ಹಾಗೇ ತೋರಿಸುವ ಫಿಲ್ಮ್‌ಮೇಕರ್ ಮೋಡ್ ಇದ್ದರೆ ಕಣ್ಣು ಮುಚ್ಚಿ ಅದನ್ನೇ ಒತ್ತಿ. ಬಣ್ಣ ಕಣ್ಣಿಗೆ ರಾಚುವ ವಿವಿಡ್ ಮೋಡ್ ಮಾತ್ರ ಬೇಡವೇ ಬೇಡ.

ಮಾತು ಕೇಳಲ್ಲ, ಬಾಂಬ್ ಮಾತ್ರ ಕೇಳುತ್ತೆ ಅನ್ನುವವರು ಆಪ್‌ನ ಆಡಿಯೊ ಪಟ್ಟಿಯಲ್ಲಿ 5.1 (ಸುತ್ತಲೂ ಆರು ಸ್ಪೀಕರ್ ಇಡುವವರಿಗಾಗಿ ಮಾಡಿದ ಧ್ವನಿ) ಬಿಟ್ಟು ಸ್ಟೀರಿಯೊ (ಎಡ, ಬಲ ಎರಡೇ ಸ್ಪೀಕರಿನ ಧ್ವನಿ) ಆರಿಸಿ. 5.1ರಲ್ಲಿ ಮಾತು ನಡುವಿನ ಸ್ಪೀಕರಿಗೆ ಅಂತಲೇ ಇರುತ್ತದೆ, ಹೆಚ್ಚಿನ ಟಿವಿಗಳಲ್ಲಿ ಆ ಸ್ಪೀಕರೇ ಇರುವುದಿಲ್ಲ.

ಇನ್ನೊಂದು ಮಾತು. ಅಗ್ಗದ ಆಂಡ್ರಾಯ್ಡ್ ಬಾಕ್ಸ್ ತಗೋಬೇಡಿ. ನಾನು ಒಂದು ತಂದು ಕೈ ಸುಟ್ಟುಕೊಂಡೆ. ವೈಡ್‌ವೈನ್ ಎಲ್1 ಅಂದರೆ ಸಿನಿಮಾ ಕಳುವಾಗದಂತೆ ಕಾಯುವ ಗೂಗಲ್‌ನ ಬೀಗದ ಅತಿ ಬಿಗಿಯಾದ ಮಟ್ಟ. ಅದು ಇಲ್ಲದ ಬಾಕ್ಸಿನಲ್ಲಿ ದೊಡ್ಡ ಆಪ್‌ಗಳು ಎಚ್‌ಡಿ ಕೊಡುವುದೇ ಇಲ್ಲ. ಚಂದಾ ಪೂರ್ತಿ ಕಟ್ಟಿಯೂ ಮಸುಕು ಚಿತ್ರವೇ ಗತಿ. ಕೊಳ್ಳುವ ಮೊದಲು ಅಂಗಡಿಯವರನ್ನು ಇದನ್ನು ಕೇಳಿ.

ಕ್ರಿಕೆಟ್ ದಿನ ಮತ್ತೆ ಆನ್ ಮಾಡುವ ತಾಪತ್ರಯ ಬೇಡ. ಸ್ಪೋರ್ಟ್ಸ್ ಮೋಡಿನಲ್ಲಿ ಅದನ್ನು ಹಾಗೇ ಬಿಡಿ, ಸಿನಿಮಾ ಮೋಡಿನಲ್ಲಿ ಆಫ್ ಇಡಿ. ಮಾಮಾನ ಟಿವಿಯಲ್ಲೂ ಹೀಗೇ ಮಾಡಿ ಬಂದಿದ್ದೇನೆ.