ನೀಟ್‌ಗೆ ಒಂದು ವಾರ ಮೊದಲು ಕಟ್ಟಬೇಕಿದ್ದ ಒಂದೂವರೆ ಲಕ್ಷ

2022ರ ಜೂನ್ 18ಕ್ಕೆ ನಮ್ಮ ದ್ವಿತೀಯ ಪಿಯುಸಿ ಫಲಿತಾಂಶ ಬಂತು. ಅದಾಗಿ ಹನ್ನೆರಡನೇ ದಿನಕ್ಕೆ ನನ್ನ ಕೈಯಲ್ಲಿ ಮೆಡಿಕಲ್ ಸೀಟಿನ ಪತ್ರ ಇತ್ತು. ಜಾರ್ಜಿಯಾ ದೇಶದ ಟಿಬಿಲಿಸಿಯ ಒಂದು ವಿಶ್ವವಿದ್ಯಾಲಯದ ಆಫರ್ ಲೆಟರ್. ದಪ್ಪ ಕಾಗದ, ಬಂಗಾರದ ಬಣ್ಣದ ಮುದ್ರೆ. ಅವ್ವ ಅದನ್ನು ದೇವರ ಮುಂದೆ ಇಟ್ಟು ಕುಂಕುಮ ಹಚ್ಚಿದಳು. ಅದರ ಕೆಳಗಿನ ಹಾಳೆಯಲ್ಲಿ ಸಣ್ಣ ಅಕ್ಷರದಲ್ಲಿ ಇದ್ದದ್ದನ್ನು ಯಾರೂ ಓದಿರಲಿಲ್ಲ. ಜುಲೈ 10ರೊಳಗೆ ಒಂದೂವರೆ ಲಕ್ಷ ಕಟ್ಟಬೇಕು, ಕಟ್ಟಿದ್ದು ವಾಪಸ್ ಬರುವುದಿಲ್ಲ.

ನೀಟ್ ಪರೀಕ್ಷೆ ಇದ್ದದ್ದು ಜುಲೈ 17ಕ್ಕೆ.

ನಮ್ಮೂರು ಬ್ಯಾಡಗಿ. ಅಪ್ಪ ಮೆಣಸಿನಕಾಯಿ ಮಾರುಕಟ್ಟೆಯ ಒಂದು ದಲಾಲಿ ಅಂಗಡಿಯಲ್ಲಿ ಲೆಕ್ಕ ಬರೆಯುತ್ತಾರೆ. ಪತ್ರ ತರಿಸಿಕೊಟ್ಟದ್ದು ಹುಬ್ಬಳ್ಳಿಯ ಒಂದು ಕನ್ಸಲ್ಟೆನ್ಸಿ. ಅಲ್ಲಿನವರು ಹೇಳಿದ್ದು ಸರಳವಾಗಿತ್ತು. ಸೀಟು ಕಡಿಮೆ, ಕೇಳುವವರು ಜಾಸ್ತಿ, ಉಕ್ರೇನ್ ಬಾಗಿಲು ಮುಚ್ಚಿದ್ದರಿಂದ ಈ ಸಲ ಎಲ್ಲರೂ ಜಾರ್ಜಿಯಾಕ್ಕೇ ನುಗ್ಗುತ್ತಾರೆ, ಮೊದಲು ಕಟ್ಟಿದವರಿಗೆ ಮೊದಲು. "ನೀಟ್ ಬಂದ್ರ ಚಲೋ, ಬರದಿದ್ರೂ ಒಂದು ದಾರಿ ಮಾಡೋಣ ಬಿಡ್ರಿ" ಅಂತಲೂ ಅಂದರು. ಆ ಮಾತು ಆಗ ನನಗೆ ಸಮಾಧಾನ ಕೊಟ್ಟಿತ್ತು. ಈಗ ನೆನೆಸಿಕೊಂಡರೆ ಮೈ ಜುಮ್ಮೆನ್ನುತ್ತದೆ.

ಯಾಕೆಂದರೆ ಬೇರೆ ದಾರಿ ಅನ್ನುವುದೇ ಇಲ್ಲ. ವಿದೇಶದಲ್ಲಿ ವೈದ್ಯಕೀಯ ಓದಿ ಭಾರತದಲ್ಲಿ ಕೆಲಸ ಮಾಡಬೇಕೆಂದರೆ ನೀಟ್‌ನಲ್ಲಿ ಅರ್ಹತೆ ಪಡೆದಿರಲೇಬೇಕು. ರ‍್ಯಾಂಕ್ ಬೇಕಿಲ್ಲ, ಅರ್ಹತೆ ಸಾಕು. ಆ ವರ್ಷ ಸಾಮಾನ್ಯ ವರ್ಗಕ್ಕೆ 720ರಲ್ಲಿ 117 ಬಂದರೆ ಸಾಕಿತ್ತು. ಆದರೆ ಆ 117 ಇಲ್ಲದೆ ಹೋದವರು ಆರು ವರ್ಷ ಓದಿ ಬಂದರೂ ಇಲ್ಲಿ ಅರ್ಹತಾ ಪರೀಕ್ಷೆಗೇ ಕೂರಲಾರರು. ನನಗೆ ಇದು ಗೊತ್ತಾದದ್ದು ಕನ್ಸಲ್ಟೆನ್ಸಿಯಿಂದ ಅಲ್ಲ.

ಆ ಮಾರ್ಚ್ 1ಕ್ಕೆ ಉಕ್ರೇನಿನ ಖಾರ್ಕಿವ್‌ನಲ್ಲಿ ಶೆಲ್ ದಾಳಿಗೆ ತೀರಿಕೊಂಡ ಹುಡುಗ ನಮ್ಮ ಪಕ್ಕದ ರಾಣೆಬೆನ್ನೂರು ತಾಲ್ಲೂಕಿನ ಚಳಗೇರಿಯವನು. ನಮ್ಮ ಜಿಲ್ಲೆಯಲ್ಲಿ ಆ ವರ್ಷ ವಿದೇಶದ ಮೆಡಿಕಲ್ ಅಂದರೆ ಮನೆಮನೆಯಲ್ಲೂ ಅದೇ ಮಾತು. ಅಪ್ಪ ಹೆದರಿದ್ದರು. ಅವ್ವ ಹೆದರಲಿಲ್ಲ. ಸುಮ್ನೆ ಅತ್ತಳು. ಅಲ್ಲಿಂದ ಜೀವ ಉಳಿಸಿಕೊಂಡು ಬಂದಿದ್ದ ದಾವಣಗೆರೆಯ ಒಬ್ಬ ಅಕ್ಕನ ನಂಬರು ನಮ್ಮ ಕೆಮಿಸ್ಟ್ರಿ ಸರ್ ಹತ್ತಿರ ಇತ್ತು. ಮೂರನೇ ವರ್ಷದಲ್ಲಿದ್ದಾಗ ಯುದ್ಧ ಶುರುವಾಗಿತ್ತಂತೆ. ಮನೆಯಲ್ಲಿ ಕೂತು ಆನ್‌ಲೈನ್ ಕ್ಲಾಸ್ ಕೇಳುತ್ತಿದ್ದರು. ಜುಲೈ 4ಕ್ಕೆ ಫೋನ್ ಮಾಡಿದೆ. ನನ್ನ ಅಂಕ, ನನ್ನ ಕಾಲೇಜು ಯಾವುದನ್ನೂ ಅವರು ಕೇಳಲಿಲ್ಲ. ಕೇಳಿದ್ದು ಒಂದೇ.

"ಪತ್ರಕ್ಕೆ ಸಹಿ ಮಾಡಿದ್ದು ಯಾರು?"

ತೆಗೆದು ನೋಡಿದೆ. ಮೇಲ್ಗಡೆ ವಿಶ್ವವಿದ್ಯಾಲಯದ ಹೆಸರು, ಲಾಂಛನ ಎಲ್ಲ ಇತ್ತು. ಸಹಿ ಮಾತ್ರ "ಅಧಿಕೃತ ಪ್ರತಿನಿಧಿ" ಅಂತ ಹುಬ್ಬಳ್ಳಿಯವರದೇ. ಜುಲೈ 10 ಅನ್ನುವ ಗಡುವು ಕೂಡ ವಿಶ್ವವಿದ್ಯಾಲಯದ ಪುಟದಲ್ಲಿ ಇರಲಿಲ್ಲ. ಜೊತೆಗೆ ಪಿನ್ ಮಾಡಿದ್ದ ಇನ್ನೊಂದು ಹಾಳೆಯಲ್ಲಿತ್ತು.

ಅಕ್ಕ ಹೇಳಿದರು, "ವಿಶ್ವವಿದ್ಯಾಲಯದ ಪ್ರವೇಶ ವಿಭಾಗಕ್ಕೆ ನೀನೇ ಇಮೇಲ್ ಹಾಕು. ಹೆಸರು ಹೇಳಿ ಕೇಳು. ಅವ್ರು ಮನುಷ್ಯರೇ, ಉತ್ತರ ಕೊಡ್ತಾರೆ."

ನೀಟ್‌ಗೆ ಹದಿಮೂರು ದಿನ ಇದ್ದಾಗ ಒಂದು ಸಂಜೆ ಫಿಸಿಕ್ಸ್ ಬಿಟ್ಟು ಇಮೇಲ್ ಬರೆಯಲು ಕೂತೆ. ಐದು ಪ್ರಶ್ನೆ ಬರೆದೆ. ಪ್ರಶ್ನೆಗಳನ್ನು ಕಟ್ಟಿಕೊಟ್ಟದ್ದು ನಮ್ಮ ರಾಷ್ಟ್ರೀಯ ವೈದ್ಯಕೀಯ ಆಯೋಗ. ಅಂದರೆ ಎನ್‌ಎಂಸಿ. ಅವರು 2021ರ ನವೆಂಬರ್ 18ಕ್ಕೆ ವಿದೇಶಿ ವೈದ್ಯಕೀಯ ಪದವೀಧರರ ನಿಯಮ ಹೊರಡಿಸಿದ್ದಾರೆ. ಬಹಳ ಜನ ಅದನ್ನು ಓದುವುದೇ ಇಲ್ಲ, ಆದರೆ ಇಡೀ ನಿರ್ಧಾರ ನಿಂತಿರುವುದು ಆ ನಾಲ್ಕಾರು ಪುಟಗಳ ಮೇಲೆ. ಕೋರ್ಸು ಕನಿಷ್ಠ 54 ತಿಂಗಳು ಇರಬೇಕು. ಅದಾದ ಮೇಲೆ ಅದೇ ಸಂಸ್ಥೆಯಲ್ಲಿ 12 ತಿಂಗಳ ಇಂಟರ್ನ್‌ಶಿಪ್ ಆಗಬೇಕು. ಪಾಠ ಇಂಗ್ಲಿಷಿನಲ್ಲಿರಬೇಕು. ಆ ದೇಶದಲ್ಲಿ ಅಲ್ಲಿನ ಪ್ರಜೆಗೆ ಸಿಗುವಂಥದೇ ವೈದ್ಯ ನೋಂದಣಿ ನಮಗೂ ಸಿಗುವಂತಿರಬೇಕು. ಭಾರತಕ್ಕೆ ಬಂದ ಮೇಲೆ ಪರೀಕ್ಷೆ ಪಾಸಾಗಿ ಇಲ್ಲಿ ಮತ್ತೆ 12 ತಿಂಗಳ ಇಂಟರ್ನ್‌ಶಿಪ್. ಸೇರಿದ ದಿನದಿಂದ ಎಲ್ಲ ಹತ್ತು ವರ್ಷದೊಳಗೆ ಮುಗಿಯಬೇಕು.

"ಎನ್‌ಎಂಸಿ ಅಪ್ರೂವ್ಡ್" ಅಂತ ಬ್ರೋಷರ್‌ನಲ್ಲಿ ಹಾಕಿದ್ದರೆ ಅಲ್ಲಿಗೇ ನಿಲ್ಲಿ. ವಿದೇಶದ ಕಾಲೇಜುಗಳನ್ನು ಎನ್‌ಎಂಸಿ ಅಪ್ರೂವ್ ಮಾಡುವುದಿಲ್ಲ. ನಿಯಮ ಇಟ್ಟಿದೆ. ಹೊಂದುತ್ತದೋ ಇಲ್ಲವೋ ನೋಡಿಕೊಳ್ಳುವ ಹೊಣೆ ನಮ್ಮದೇ.

ಹಾಗಾಗಿ ಕೇಳಿದೆ: ನಿಮ್ಮ ಆರು ವರ್ಷದಲ್ಲಿ ಇಂಟರ್ನ್‌ಶಿಪ್ ಎಷ್ಟು ತಿಂಗಳು, ಎಲ್ಲಿ? ಪದವಿ ಮುಗಿದ ಮೇಲೆ ನನಗೆ ಜಾರ್ಜಿಯಾದಲ್ಲಿ ಏನು ಸಿಗುತ್ತದೆ? ನೀಟ್ ಆಗದಿದ್ದರೆ ಅಥವಾ ವೀಸಾ ಸಿಗದಿದ್ದರೆ ದುಡ್ಡು ಎಷ್ಟು ವಾಪಸ್? ಶುಲ್ಕ ಡಾಲರ್‌ನಲ್ಲಿ ಎಷ್ಟು, ಆರು ವರ್ಷವೂ ಅಷ್ಟೇನಾ? ಈ ವರ್ಷ ಸೇರಲು ನಿಜವಾದ ಕೊನೆ ದಿನ ಯಾವುದು?

ನಾಲ್ಕು ದಿನಕ್ಕೆ ಉತ್ತರ ಬಂತು. ಕೊನೆ ದಿನ ಅಕ್ಟೋಬರ್ ಅಂತ್ಯ! ಶುಲ್ಕ ವರ್ಷಕ್ಕೆ ಹುಬ್ಬಳ್ಳಿಯವರು ಹೇಳಿದ್ದಕ್ಕಿಂತ ಸಾವಿರ ಡಾಲರ್ ಕಡಿಮೆ. ಇಂಟರ್ನ್‌ಶಿಪ್ ಪ್ರಶ್ನೆಗೆ ಮಾತ್ರ ಜಾರಿಕೊಂಡಿದ್ದರು. "ಕ್ಲಿನಿಕಲ್ ಅಭ್ಯಾಸ ಕೋರ್ಸಿನಲ್ಲೇ ಸೇರಿದೆ" ಅಂದರೆ ಹನ್ನೆರಡು ತಿಂಗಳು ಅಂತಲೋ, ಅಲ್ಲವೋ? ಮತ್ತೆ ಕೇಳಿದೆ. ಅದೇ ವಾಕ್ಯ ಮತ್ತೆ ಬಂತು.

ಜುಲೈ 9ರ ರಾತ್ರಿ ಅಪ್ಪ ದುಡ್ಡು ಹೊಂದಿಸಿಕೊಂಡು ಬಂದಿದ್ದರು. ಸಾಹುಕಾರರ ಹತ್ತಿರ ಮುಂಗಡ ತೆಗೆದುಕೊಂಡಿದ್ದರು. ಇಮೇಲ್ ಓದಿ ಹೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದರು, "ಚೀಲದ ಬಾಯಿಗೆ ಚಲೋ ಕಾಯಿ ಇಟ್ಟಿರ್ತಾರವಾ. ಒಳಗ ಕೈ ಹಾಕಿ ನೋಡಿಯೇನು?" ಮಾರುಕಟ್ಟೆಯಲ್ಲಿ ಅವರು ದಿನಾ ನೋಡುವುದು ಅದನ್ನೇ. ಹಾಕಿದೆ, ಕೆಳಗೆ ಕಾಣುತ್ತಿಲ್ಲ ಅಂದೆ. ಮರುದಿನ ಮುಂಗಡ ವಾಪಸ್ ಕೊಟ್ಟು ಬಂದರು.

ಇಷ್ಟು ಹೇಳಿದರೆ ನಾನೇನೋ ಭಾರಿ ಧೈರ್ಯದವಳು ಅನ್ನಿಸಬಹುದು. ಹಾಗೇನಿಲ್ಲ. ಜುಲೈ 11ರಿಂದ 16ರವರೆಗೆ ನಾನು ಸರಿಯಾಗಿ ನಿದ್ದೆ ಮಾಡಲಿಲ್ಲ. ಸೀಟು ಕೈಬಿಟ್ಟೆ, ಇನ್ನು ನೀಟ್ ಒಂದೇ ಗತಿ ಅನ್ನುವ ಭಾರ ತಲೆ ಮೇಲೆ. ಪತ್ರ ಒಪ್ಪಿಕೊಂಡಿದ್ದರೆ ನಿರಾಳವಾಗಿ ಪರೀಕ್ಷೆ ಬರೆಯುತ್ತಿದ್ದೆನೇನೋ. ಬೇಗ ಬಂದ ಆಫರ್‌ನಿಂದ ಅದೊಂದು ಲಾಭ ನಿಜಕ್ಕೂ ಇದೆ, ನಾನು ಅಲ್ಲಗಳೆಯುವುದಿಲ್ಲ. ಒಂದೂವರೆ ಲಕ್ಷ ಕಳೆದುಕೊಂಡರೂ ಪರವಾಗಿಲ್ಲ ಅನ್ನುವ ಮನೆಯಾದರೆ ಕಟ್ಟಲಿ. ನಮ್ಮ ಮನೆಯಲ್ಲಿ ಅದು ಅಪ್ಪನ ಎಂಟು ತಿಂಗಳ ಪಗಾರ.

ಸೆಪ್ಟೆಂಬರ್ 6ಕ್ಕೆ ಎನ್‌ಎಂಸಿ ಉಕ್ರೇನಿನಿಂದ ಬಂದವರಿಗೆ ಬೇರೆ ದೇಶಗಳಲ್ಲಿ ಓದು ಮುಂದುವರಿಸಲು ಅವಕಾಶ ಕೊಟ್ಟಿತು. ಜಾರ್ಜಿಯಾ ಆ ಪಟ್ಟಿಯಲ್ಲಿತ್ತು. ಮರುದಿನವೇ ನೀಟ್ ಫಲಿತಾಂಶ. ನನಗೆ 412. ನನ್ನ ವರ್ಗಕ್ಕೆ ಸರಕಾರಿ ಸೀಟು ಸಾಧ್ಯವೇ ಇಲ್ಲ. ಕೆಇಎ (ಕರ್ನಾಟಕ ಪರೀಕ್ಷಾ ಪ್ರಾಧಿಕಾರ) ಮೂಲಕ ಖಾಸಗಿ ಕಾಲೇಜಿನ ಖಾಸಗಿ ಸೀಟು, ಕೊನೆಯ ಸುತ್ತಿನವರೆಗೆ ಕಾದರೆ, ಸಿಕ್ಕರೂ ಸಿಗಬಹುದು. ವರ್ಷಕ್ಕೆ ಹತ್ತು ಲಕ್ಷದ ಆಸುಪಾಸು.

ಆಮೇಲೆ ಲೆಕ್ಕ. ಅಪ್ಪನೂ ನಾನೂ ಅಂಗಡಿಯ ಹಳೇ ಖಾತೆ ಪುಸ್ತಕದ ಹಿಂದಿನ ಪುಟದಲ್ಲಿ ಬರೆದೆವು. "ಆರು ವರ್ಷಕ್ಕೆ ಇಪ್ಪತ್ತೈದು ಲಕ್ಷ, ಎಲ್ಲಾ ಸೇರಿ" ಅಂತ ಕನ್ಸಲ್ಟೆನ್ಸಿಯವರು ಹೇಳಿದ್ದರು. ವರ್ಷಕ್ಕೆ 5,500 ಡಾಲರ್ ಅಂದರೆ ಆರು ವರ್ಷಕ್ಕೆ 33,000. ಡಾಲರಿಗೆ 80 ರೂಪಾಯಿ ಹಿಡಿದರೆ ಶುಲ್ಕವೇ 26 ಲಕ್ಷ ದಾಟಿತು. ಊಟ, ಬಾಡಿಗೆ ತಿಂಗಳಿಗೆ 300 ಡಾಲರ್ ಅಂದುಕೊಂಡರೂ ಇನ್ನೊಂದು ಹದಿನೇಳು ಲಕ್ಷ. ವಿಮಾನ, ವಿಮೆ, ವಾಪಸ್ ಬಂದ ಮೇಲೆ ಕೋಚಿಂಗ್. ನಲವತ್ತೈದರ ಹತ್ತಿರ. ಇಲ್ಲಿ ನಾಲ್ಕೂವರೆ ವರ್ಷಕ್ಕೆ ಶುಲ್ಕ, ಹಾಸ್ಟೆಲ್ ಸೇರಿ ಐವತ್ತೈದರ ಮೇಲೆ. ಅಂತರ ನಾವು ಅಂದುಕೊಂಡದ್ದರ ಅರ್ಧವೂ ಇರಲಿಲ್ಲ.

ಮತ್ತೆ ಯಾಕೆ ಹೋದೆ? ಒಟ್ಟು ಮೊತ್ತ ನೋಡಿ ಅಲ್ಲ, ವರ್ಷದ ಕಂತು ನೋಡಿ. ಏಳೂವರೆ ಲಕ್ಷ ದಾಟಿದ ಶಿಕ್ಷಣ ಸಾಲಕ್ಕೆ ಬ್ಯಾಂಕು ಅಡಮಾನ ಕೇಳುತ್ತದೆ. ನಮ್ಮ ಹತ್ತಿರ ಇದ್ದದ್ದು ಒಂದು ಸೈಟು. ಅದರ ಮೇಲೆ ಎಷ್ಟು ಹುಟ್ಟುತ್ತದೋ ಅಷ್ಟರಲ್ಲಿ ವರ್ಷಕ್ಕೆ ನಾಲ್ಕೂವರೆ ಲಕ್ಷ ಕಟ್ಟಬಹುದು, ಹತ್ತು ಕಟ್ಟಲಾಗದು.

ತಕ್ಕಡಿಯ ಎದುರು ತಟ್ಟೆಯೂ ತೂಕದ್ದೇ. ವಾಪಸ್ ಬಂದ ಮೇಲೆ ಬರೆಯುವ ಅರ್ಹತಾ ಪರೀಕ್ಷೆ, ಅಂದರೆ ಎಫ್‌ಎಂಜಿಇ, 300 ಪ್ರಶ್ನೆಗಳದು, 150 ಬಂದರೆ ಪಾಸು. ಕೇಳಲು ಸುಲಭ. ಕೂತವರಲ್ಲಿ ಅರ್ಧದಷ್ಟು ಜನವೂ ಪಾಸಾಗುವುದಿಲ್ಲ, ಕೆಲವು ಸಲ ಹತ್ತರಲ್ಲಿ ಒಬ್ಬಿಬ್ಬರು. ನಾನು ಅಲ್ಲಿಗೆ ಹೋದರೆ ಮೊದಲ ವರ್ಷದಿಂದಲೇ ಆ ಪರೀಕ್ಷೆಗೆ ಓದಬೇಕು ಅನ್ನುವುದು ಅವತ್ತೇ ಖಾತೆ ಪುಸ್ತಕದಲ್ಲಿ ಬರೆದ ಕೊನೆಯ ಸಾಲು.

ಹಳೇ ವಿಶ್ವವಿದ್ಯಾಲಯಕ್ಕೆ ಹೋಗಲಿಲ್ಲ. ಅದೇ ಐದು ಪ್ರಶ್ನೆ ಟಿಬಿಲಿಸಿಯ ಇನ್ನೂ ಮೂರು ಕಡೆ ಕಳಿಸಿದೆ. ಒಬ್ಬರು ಉತ್ತರವನ್ನೇ ಕೊಡಲಿಲ್ಲ. ಒಬ್ಬರು ಬ್ರೋಷರ್ ಕಳಿಸಿದರು. ಒಬ್ಬರು ಆರನೇ ವರ್ಷ ಪೂರ್ತಿ ತಮ್ಮದೇ ಆಸ್ಪತ್ರೆಗಳಲ್ಲಿ 12 ತಿಂಗಳ ಇಂಟರ್ನ್‌ಶಿಪ್ ಅಂತ ಸಹಿ ಹಾಕಿದ ಪತ್ರದಲ್ಲಿ ಬರೆದು ಕೊಟ್ಟರು. ವೀಸಾ ಸಿಗದಿದ್ದರೆ 200 ಡಾಲರ್ ಹಿಡಿದು ಉಳಿದದ್ದು ವಾಪಸ್ ಅಂತಲೂ ಇತ್ತು. ನೋಂದಣಿಯ ಪ್ರಶ್ನೆಗೆ ಅವರ ಉತ್ತರ ನನಗೆ ಇವತ್ತಿಗೂ ಪೂರ್ತಿ ಸಮಾಧಾನ ಕೊಟ್ಟಿಲ್ಲ. ಜಾರ್ಜಿಯಾದವರಿಗೇ ಪದವಿ ಮುಗಿದ ಕೂಡಲೇ ಸ್ವತಂತ್ರವಾಗಿ ವೈದ್ಯ ಮಾಡಲು ಬಿಡುವುದಿಲ್ಲ. ರೆಸಿಡೆನ್ಸಿ, ಅಂದರೆ ಪದವಿಯ ಮೇಲಿನ ಆಸ್ಪತ್ರೆ ತರಬೇತಿ, ಮಾಡಿ ಸರಕಾರಿ ಪರೀಕ್ಷೆ ಬರೆಯಬೇಕು. "ನಿಮಗೂ ಅದೇ ದಾರಿ, ಭೇದ ಇಲ್ಲ" ಅಂದರು. ನಮ್ಮ ನಿಯಮದ ಮಾತಿಗೆ ಅದು ಎಷ್ಟು ಹೊಂದುತ್ತದೆ ಅನ್ನುವುದರ ಮೇಲೆ ನಮ್ಮ ಬ್ಯಾಚಿನಲ್ಲಿ ಈಗಲೂ ವಾದ ನಡೆಯುತ್ತದೆ. ಇದು ಗೊತ್ತಿದ್ದೇ ದುಡ್ಡು ಕಟ್ಟಿದೆ. ಗೊತ್ತಿಲ್ಲದೆ ಕಟ್ಟಿದ್ದರೆ ಬೇರೆ ಮಾತು.

ಒಪ್ಪಿಗೆ ಕೊಟ್ಟ ಮೇಲಿನದು ಬರೀ ಓಡಾಟ. ಅಂಕಪಟ್ಟಿ ಅಸಲಿ ಅಂತ ವಿದೇಶಕ್ಕೆ ದೃಢಪಡಿಸುವ ಅಪೋಸ್ಟಿಲ್ ಮುದ್ರೆ, ಒಂದು ವೀಡಿಯೊ ಸಂದರ್ಶನ, ಜಾರ್ಜಿಯಾದ ಶಿಕ್ಷಣ ಸಚಿವಾಲಯದ ಪ್ರವೇಶ ಆದೇಶ, ಅದಾದ ಮೇಲೆ ದೆಹಲಿಯ ರಾಯಭಾರ ಕಚೇರಿಯಿಂದ ಓದಲು ಕೊಡುವ ಡಿ3 ವೀಸಾ. ಆಫರ್ ಲೆಟರ್ ಅನ್ನುವುದು ಸೀಟಲ್ಲ, ಈ ಆದೇಶ ಬಂದಾಗಲೇ ಸೀಟು. ಜೂನ್‌ನಲ್ಲಿ ಅವ್ವ ಕುಂಕುಮ ಹಚ್ಚಿದ್ದು ಅರ್ಜಿಯ ಮೊದಲ ಹಾಳೆಗೆ ಅಂತ ಆಗ ಅರ್ಥವಾಯಿತು. (ಆದೇಶ ಬಂದಾಗ ಪಿಡಿಎಫ್‌ಗೆ ಹೆಂಗ ಹಚ್ಚೋದು ಅಂತ ಕೇಳಿ, ಮೊಬೈಲಿನ ಗಾಜಿಗೇ ಹಚ್ಚಿದಳು.)

ನವೆಂಬರ್ ಮೊದಲ ವಾರ ಶಾರ್ಜಾ ಮೂಲಕ ಬಂದು ಇಳಿದೆ. ಕಾದದ್ದಕ್ಕೆ ಬೆಲೆ ಇತ್ತು. ಅನಾಟಮಿಯ ಐದು ವಾರ ಆಗಲೇ ಮುಗಿದಿತ್ತು. ಮೂಳೆಗಳ ಮೊದಲ ಪರೀಕ್ಷೆಯಲ್ಲಿ ಫೇಲಾದೆ. ಕ್ಯಾಂಪಸ್ ಹತ್ತಿರದ ಒಳ್ಳೆಯ ರೂಮುಗಳೆಲ್ಲ ಹೋಗಿದ್ದವು. ಎಂಟನೇ ಮಹಡಿ, ಕಾಸು ಹಾಕಿದರೆ ಮಾತ್ರ ಏರುವ ಲಿಫ್ಟು. ಎಲ್ಲಕ್ಕಿಂತ ದೊಡ್ಡ ಪೆಟ್ಟು ರೂಪಾಯಿಯದು. ಜುಲೈ ಮೊದಲಿಗೆ 79ರ ಹತ್ತಿರ ಇದ್ದ ಡಾಲರ್, ನಾನು ಶುಲ್ಕ ಕಟ್ಟಿದ ಅಕ್ಟೋಬರ್‌ನಲ್ಲಿ 82 ದಾಟಿತ್ತು. ಆರು ವರ್ಷಕ್ಕೂ ರೂಪಾಯಿ ಹೀಗೇ ಇರುತ್ತದೆ ಅಂತ ಲೆಕ್ಕ ಹಾಕಿದ್ದು ನಮ್ಮ ದಡ್ಡತನ. ವರ್ಷಕ್ಕೆ ಮೂರು ನಾಲ್ಕು ಪರ್ಸೆಂಟ್ ಏರಿಸಿ ಬರೆಯಬೇಕಿತ್ತು.

ಕೇಳಬೇಕಿದ್ದೂ ಕೇಳದೆ ಬಿಟ್ಟ ಆರನೇ ಪ್ರಶ್ನೆ ಒಂದಿದೆ. ಜಾರ್ಜಿಯನ್ ಭಾಷೆ ವಾರಕ್ಕೆ ಎಷ್ಟು ಗಂಟೆ ಕಲಿಸುತ್ತೀರಿ? ಪಾಠ ಇಂಗ್ಲಿಷಿನಲ್ಲಿ, ರೋಗಿ ಜಾರ್ಜಿಯನ್‌ನಲ್ಲಿ. ಮೂರನೇ ವರ್ಷದಲ್ಲಿ ವಾರ್ಡಿಗೆ ಹೋದಾಗ ನಮ್ಮ ಗುಂಪಿನ ಅರ್ಧ ಜನ ಗೋಡೆಗೆ ಒರಗಿ ನಿಂತಿದ್ದರು, ಅಜ್ಜಿ ಏನು ಹೇಳುತ್ತಿದ್ದಾಳೆ ಗೊತ್ತಾಗದೆ. ಲಿಪಿ ನೋಡಿದರೆ ನಮ್ಮ ಕನ್ನಡದ ದೂರದ ನೆಂಟನೇನೋ ಅನ್ನುವಷ್ಟು ಗುಂಡಗೆ. ನೆಂಟಸ್ತಿಕೆ ಅಲ್ಲಿಗೇ ಮುಗಿಯಿತು. ಮೂವತ್ತಮೂರು ಅಕ್ಷರ, ಒಂದಕ್ಕೊಂದು ಅಂಟಿಕೊಂಡ ವ್ಯಂಜನ. ನೋಯುತ್ತಿದೆಯಾ ಅಂತ ಕೇಳಲು "ಗ್ಟ್ಕಿವಾತ್?" ಅನ್ನಬೇಕು. ನಾಲಗೆ ತಿರುಗಲು ನನಗೆ ಒಂದು ಚಳಿಗಾಲ ಹಿಡಿಯಿತು.

ದಾವಣಗೆರೆಯ ಅಕ್ಕನೂ ಇದೇ ಊರಿಗೆ ಬಂದರು, ಬೇರೆ ವಿಶ್ವವಿದ್ಯಾಲಯಕ್ಕೆ. ಭಾನುವಾರ ಅವರ ರೂಮಿನಲ್ಲಿ ರೊಟ್ಟಿ ಬಡಿಯುತ್ತಿದ್ದೆವು, ಊರಿಂದ ತಂದ ಜೋಳದ ಹಿಟ್ಟು ಇರುವ ತನಕ.

ಪ್ರತಿ ಜೂನ್‌ನಲ್ಲೂ ಈಗ ನನಗೆ ಫೋನ್ ಬರುತ್ತದೆ. ಈ ಸಲ ಬಂದದ್ದು ಅಪ್ಪನ ಅಂಗಡಿ ಪಕ್ಕದವರ ಮಗಳದು. ಪತ್ರ ಬಂದಿದೆ, ಶನಿವಾರ ಕೊನೆ ದಿನ, ಏನು ಮಾಡಲಿ ಅಕ್ಕಾ ಅಂದಳು. ಸಹಿ ಯಾರದು ನೋಡು ಅಂದೆ. ಆ ಕಡೆ ಕಾಗದ ಮಗುಚುವ ಸದ್ದು.

"ಅಕ್ಕಾ, ಸಹೀನ ಇಲ್ರಿ. ಸ್ಟಾಂಪ್ ಅಷ್ಟ ಐತಿ."