ಬೀಜದ ಸೀಬೆ: ಕಾಯುವ ಮನಸ್ಸಿದ್ದವರಿಗೆ

ರುಚಿಯಾದ ಸೀಬೆಹಣ್ಣು ತಿಂದು ಅದರ ಬೀಜವನ್ನು ಕುಂಡಕ್ಕೆ ಹಾಕಲು ಹೊರಟವರಿಗೆ ಮೊದಲೇ ಒಂದು ಮಾತು ಹೇಳಿಬಿಡುತ್ತೇನೆ. ಬೀಜದಿಂದ ಹುಟ್ಟಿದ ಗಿಡ ತಾಯಿಮರದ ಹಣ್ಣನ್ನೇ ಕೊಡುತ್ತದೆ ಎಂಬ ಖಾತರಿ ಇಲ್ಲ. ಜೇನುನೊಣಗಳು ಸೀಬೆಯ ಹೂವಿಗೆ ಆಚೆಮನೆಯ ಮರದ ಪರಾಗವನ್ನೂ ತಂದು ಸೇರಿಸುತ್ತವೆ. ಕೆಂಪು ತಿರುಳಿನ ಹಣ್ಣಿನ ಬೀಜದಿಂದ ಬಿಳಿ ತಿರುಳಿನ ಮರ ಬಂದರೆ ಯಾರನ್ನೂ ಬೈಯುವಂತಿಲ್ಲ.

ಹಾಗೆಂದು ಬೀಜದ ಗಿಡವನ್ನು ಕೀಳಾಗಿ ಕಾಣುವವರ ಪಕ್ಷ ನನ್ನದಲ್ಲ. ತೋಟಗಾರರು ಇಂದಿಗೂ ಮೆಚ್ಚುವ ಲಕ್ನೋ-49, ಅಂದರೆ ಸರ್ದಾರ್ ಸೀಬೆ, 1927ರಲ್ಲಿ ಪುಣೆಯಲ್ಲಿ ಅಲಹಾಬಾದ್ ಸಫೇದದ ಬೀಜದ ಸಸಿಗಳ ನಡುವಿನಿಂದ ಆರಿಸಿದ ತಳಿ. ಬೀಜ ಮೆತ್ತಗಿದೆ ಎಂದು ಹಲ್ಲು ಸಡಿಲವಾದ ನಮ್ಮಂಥವರು ಹುಡುಕಿಕೊಂಡು ಹೋಗುವ ಅರ್ಕಾ ಮೃದುಲವನ್ನು ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯವರು ಆರಿಸಿದ್ದೂ ಅದೇ ಸಫೇದದ ಬೀಜದ ಸಸಿಗಳಿಂದ. ಅವರು ಎಷ್ಟೋ ಸಸಿಗಳನ್ನು ಬೆಳೆಸಿ ಒಂದನ್ನು ಉಳಿಸಿಕೊಂಡರು. ಮನೆಯ ಹಿತ್ತಲಿನಲ್ಲಿ ನಾವು ಮಾಡಬೇಕಾದದ್ದೂ ಅದೇ, ಸಣ್ಣ ಪ್ರಮಾಣದಲ್ಲಿ. ಒಂದು ಬೀಜ ನೆಟ್ಟು ಅದರ ಮುಂದೆ ಕೈಕಟ್ಟಿ ಕೂರುವುದು ವ್ಯರ್ಥ. ಬೇಗ ಹಣ್ಣು ಬೇಕು, ಇಂಥದೇ ಹಣ್ಣು ಬೇಕು ಎನ್ನುವವರು ತೋಟಗಾರಿಕೆ ಇಲಾಖೆಯ ನರ್ಸರಿಯಿಂದ ಕಸಿ ಗಿಡ ತನ್ನಿ. ಅದು ಎರಡನೆಯ ವರ್ಷಕ್ಕೇ ಕಾಯಿ ಬಿಡುತ್ತದೆ. ಬೀಜದ ಗಿಡಕ್ಕೆ ಮೂರರಿಂದ ಐದು ವರ್ಷ ಬೇಕು. ತಾರಸಿಯ ಡ್ರಮ್ಮಿನಲ್ಲಿ ಬೆಳೆಸುವವರಿಗಂತೂ ಕಸಿ ಗಿಡವೇ ಸರಿ.

ಇನ್ನು ಬೀಜದ ವಿಷಯ. ಗಾಡಿಯವನು ನಾಲ್ಕು ಸೀಳು ಮಾಡಿ ಉಪ್ಪು ಖಾರ ಹಚ್ಚಿ ಕೊಡುವ ದೋರೆಗಾಯಿಯ ಬೀಜ ಬೇಡ, ಅದು ಪೂರಾ ಬಲಿತಿರುವುದಿಲ್ಲ. ಮರದಲ್ಲೇ ಹಣ್ಣಾಗಿ, ಮನೆಯೊಳಗೆ ತಂದರೆ ನಡುಮನೆಯವರೆಗೂ ಘಮ್ಮೆನ್ನುವ ಹಣ್ಣನ್ನೇ ಆರಿಸಿ. ಚಳಿಗಾಲದ ಹಣ್ಣಾದರೆ ಇನ್ನೂ ಒಳ್ಳೆಯದು, ಹುಳದ ಕಾಟ ಕಡಿಮೆ. ತಿರುಳನ್ನು ಬಟ್ಟಲು ನೀರಿನಲ್ಲಿ ಕಿವುಚಿ ಒಂದು ರಾತ್ರಿ ಬಿಡಿ. ಬೆಳಿಗ್ಗೆ ಸಣ್ಣ ಜರಡಿಗೆ ಹಾಕಿ, ಒಲೆಯ ಬೂದಿ ಸಿಕ್ಕರೆ ಒಂದು ಹಿಡಿ ಸೇರಿಸಿ ಉಜ್ಜಿ ತೊಳೆದರೆ ಲೋಳೆ ಬಿಡುತ್ತದೆ. ಈ ಲೋಳೆ ಉಳಿದರೆ ಬೂಸಲು ಹಿಡಿಯುವುದು ಖಂಡಿತ. ನೀರಿನಲ್ಲಿ ತೇಲುವ ಬೀಜ ಜೊಳ್ಳು, ಚೆಲ್ಲಿಬಿಡಿ, ಮುಳುಗಿದ್ದನ್ನು ಇಟ್ಟುಕೊಳ್ಳಿ. ಹೊಸ ಬೀಜ ಚೆನ್ನಾಗಿ ಮೊಳೆಯುತ್ತದೆ. ಇಡಲೇಬೇಕಾದರೆ ನೆರಳಿನಲ್ಲಿ ಒಣಗಿಸಿ ಕಾಗದದ ಪೊಟ್ಟಣದಲ್ಲಿಡಿ, ಬಿತ್ತುವ ಮುನ್ನ ಒಂದು ಹಗಲು ಒಂದು ರಾತ್ರಿ ಬೆಚ್ಚನೆಯ ನೀರಿನಲ್ಲಿ ನೆನೆಹಾಕಿ. ಈ ಬೀಜದ ಸಿಪ್ಪೆ ಕಲ್ಲಿನಷ್ಟು ಗಟ್ಟಿ. ಸೀಬೆ ಬೀಜ ನುಂಗಿದರೆ ಹೊಟ್ಟೆಯಲ್ಲಿ ಗಿಡ ಹುಟ್ಟುತ್ತದೆ ಎಂದು ಮಕ್ಕಳನ್ನು ಹೆದರಿಸುವುದುಂಟು. ಗಿಡವಂತೂ ಹುಟ್ಟುವುದಿಲ್ಲ, ಆದರೆ ಹಕ್ಕಿಯ ಹೊಟ್ಟೆಯನ್ನು ದಾಟಿ ಬಂದ ಬೀಜ ಮೊಳೆಯುವುದು ನಿಜ. ಕಾಂಪೌಂಡಿನ ಮೂಲೆಯಲ್ಲಿ, ಹಕ್ಕಿ ಕೂರುವ ತಂತಿಯ ಕೆಳಗೆ ತಾನಾಗಿ ಎದ್ದ ಸೀಬೆ ಸಸಿ ಕಂಡರೆ ಮಳೆಗಾಲದಲ್ಲಿ ಮಣ್ಣಿನ ಹೆಂಟೆ ಸಮೇತ ಎತ್ತಿ ತನ್ನಿ, ಅರ್ಧ ಕೆಲಸ ಮುಗಿದಂತೆ.

ಬಿತ್ತಲು ಶಿವರಾತ್ರಿ ಕಳೆಯಲಿ. ಚಳಿ ಶಿವ ಶಿವಾ ಎಂದು ಹೋದ ಮೇಲೆ ಮಣ್ಣು ಬೆಚ್ಚಗಾಗುತ್ತದೆ, ಸೀಬೆಗೆ ಬೇಕಾದದ್ದು ಅದೇ. ತಳಕ್ಕೆ ತೂತಿರುವ ಅಗಲವಾದ ಪಾತ್ರೆಗೆ ಕೆಮ್ಮಣ್ಣು, ಮರಳು, ಜರಡಿ ಹಿಡಿದ ಹಳೆಯ ಕೊಟ್ಟಿಗೆ ಗೊಬ್ಬರವನ್ನು ಸಮಪಾಲಿನಲ್ಲಿ ತುಂಬಿ, ಬೀಜದ ಮೇಲೆ ಅರ್ಧ ಸೆಂಟಿಮೀಟರಿನಷ್ಟು ಮಾತ್ರ ಮಣ್ಣು ಉದುರಿಸಿ. ಎರಡು ಮೂರು ವಾರಕ್ಕೆ ಕೆಲವು ತಲೆ ಎತ್ತುತ್ತವೆ, ಉಳಿದವು ಎರಡು ತಿಂಗಳವರೆಗೂ ಸತಾಯಿಸುತ್ತವೆ. ಹದಿನೈದು ದಿನಕ್ಕೇ ಬೇಸತ್ತು ಆ ಮಣ್ಣಿಗೆ ಕೊತ್ತಂಬರಿ ಬಿತ್ತುವ ಅವಸರದವರನ್ನು ನಾನು ನೋಡಿದ್ದೇನೆ. ಚೊಂಬಿನಿಂದ ನೀರು ಸುರಿಯಬೇಡಿ, ಬೀಜ ಒಂದು ಮೂಲೆಗೆ ಕೊಚ್ಚಿಹೋಗುತ್ತದೆ. ಸಿಂಪಡಿಸುವ ಬಾಟಲಿ ಸಾಕು. ಮಣ್ಣು ಸದಾ ಪಿಚಪಿಚ ಎನ್ನುತ್ತಿದ್ದರೆ ಎಳೆಯ ಸಸಿಯ ಬುಡ ಕೊಳೆತು, ದಾರದಂತೆ ಸಣ್ಣಗಾಗಿ ಮಲಗಿಬಿಡುತ್ತದೆ. ಹಾಗೆ ಮಲಗಿದ್ದು ಮತ್ತೆ ಏಳುವುದಿಲ್ಲ. ಸಸಿಗಳ ನಡುವೆ ಗಾಳಿಯಾಡಲಿ, ಮೇಲ್ಮಣ್ಣು ತುಸು ಒಣಗಿದ ಮೇಲೆ ನೀರು ಕೊಡಿ.

ನಾಲ್ಕೈದು ಎಲೆ ಬಂದಾಗ ಒಂದೊಂದನ್ನೂ ಪ್ಲಾಸ್ಟಿಕ್ ಚೀಲಕ್ಕೆ ಬದಲಿಸಿ, ವಾರಗಟ್ಟಲೆ ಅರೆನೆರಳಿನಲ್ಲಿಟ್ಟು ಮೆಲ್ಲಗೆ ಬಿಸಿಲಿಗೆ ಒಗ್ಗಿಸಿ. ಹತ್ತು ಸಸಿ ಇದ್ದರೆ ಗಟ್ಟಿಮುಟ್ಟಾದ ಎರಡು ಮೂರು ಮನೆಗೆ, ಉಳಿದವು ನೆಂಟರಿಗೆ.

ನೆಲಕ್ಕೆ ಇಳಿಸುವುದು ಮುಂದಿನ ಮುಂಗಾರಿಗೆ, ಗಿಡ ಒಂದಡಿ ದಾಟಿರುವಾಗ. ಎರಡಡಿ ಉದ್ದ, ಅಗಲ, ಆಳದ ಗುಂಡಿ ತೋಡಿ ಕೆಲವು ದಿನ ಬಿಸಿಲಿಗೆ ಬಿಟ್ಟು, ಮೇಲ್ಮಣ್ಣಿಗೆ ಒಂದು ಬುಟ್ಟಿ ಕಳಿತ ಗೊಬ್ಬರ, ಒಂದು ಕಿಲೋ ಬೇವಿನ ಹಿಂಡಿ ಬೆರೆಸಿ ತುಂಬಿ. ಎರಡು ಮರಗಳ ನಡುವೆ ಹದಿನೈದು ಅಡಿಯಾದರೂ ಇರಲಿ. ಸೀಬೆಗೆ ಇಂಥದೇ ಮಣ್ಣಾಗಬೇಕೆಂಬ ಹಟವಿಲ್ಲ, ಬಿಸಿಲು ಮಾತ್ರ ಧಾರಾಳವಾಗಿ ಬೇಕು. ಬಚ್ಚಲ ನೀರು ಹರಿಯುವ ಜಾಗಕ್ಕೆ ನೆಡುವ ರೂಢಿಯೊಂದಿದೆ. ಅದು ಬಾಳೆಗೆ ಸರಿ, ಸೀಬೆಗೆ ಬೇಡ. ಬುಡದಲ್ಲಿ ನೀರು ನಿಂತ ಸೀಬೆಗೆ ಸೊರಗು ರೋಗ ತಗಲಿದರೆ ಎಲೆ ಹಳದಿಯಾಗಿ, ಕೊಂಬೆ ಕೊಂಬೆಯೇ ಒಣಗುತ್ತದೆ. ಆಮೇಲೆ ಯಾವ ಔಷಧಿಯೂ ನಾಟುವುದಿಲ್ಲ.

ನೆಟ್ಟ ಮೇಲೆ ಹೆಚ್ಚಿನವರು ಸೋಲುವುದು ಕತ್ತರಿಯ ವಿಷಯದಲ್ಲಿ. ಸಾಕಿದ ಗಿಡಕ್ಕೆ ಕತ್ತರಿ ಹಾಕಲು ಕೈ ಬಾರದು. ಬೀಜದ ಸೀಬೆ ಬಿಟ್ಟರೆ ನೆಟ್ಟಗೆ ಮೇಲಕ್ಕೇ ಓಡುತ್ತದೆ, ತುದಿಯ ಹಣ್ಣು ಬಾವಲಿಗೆ, ಉದುರಿದ್ದು ನಮಗೆ. ಆದ್ದರಿಂದ ಗಿಡ ಎರಡೂವರೆ ಅಡಿಯಾದಾಗ ತುದಿ ಚಿವುಟಿ, ಬೇರೆ ಬೇರೆ ದಿಕ್ಕಿಗೆ ಹೊರಟ ಮೂರು ನಾಲ್ಕು ಕವಲುಗಳನ್ನು ಉಳಿಸಿ, ಬುಡದಿಂದ ಬರುವ ಚಿಗುರುಗಳನ್ನು ಆಗಾಗ ಸವರಿ. ಸೀಬೆಯ ಹೂ ಬರುವುದು ಹೊಸ ಚಿಗುರಿನ ಎಲೆಯ ಕಂಕುಳಲ್ಲಿ ಮಾತ್ರ. ಹಳೆಯ ಕೊಂಬೆಯನ್ನು ಎಷ್ಟು ಕಾಪಾಡಿದರೂ ಅದು ತಾನಾಗಿ ಹೂ ಬಿಡದು. ಅದರ ತುದಿ ಕತ್ತರಿಸಿದರೆ ಪಕ್ಕದಲ್ಲಿ ಚಿಗುರೊಡೆದು, ಆ ಚಿಗುರಿನಲ್ಲಿ ಮೊಗ್ಗು ಕಾಣುತ್ತದೆ. ನಮ್ಮ ಕಡೆ ಮಳೆಗಾಲದ ಹಣ್ಣು ಸಪ್ಪೆ, ಹುಳವೂ ಜಾಸ್ತಿ. ಚಳಿಗಾಲದ ಹಣ್ಣಿಗೆ ಸಿಹಿ, ಘಮ, ಬಾಳಿಕೆ ಮೂರೂ ಉಂಟು. ಹಾಗಾಗಿ ನಾನು ಬೇಸಿಗೆಯ ಹೂಗಳನ್ನು ಉದುರಿಸಿಬಿಡುತ್ತೇನೆ. ಮೇ ತಿಂಗಳಲ್ಲಿ ಕೊಂಬೆಗಳ ತುದಿಯನ್ನು ಒಂದು ಗೇಣು ಕತ್ತರಿಸುತ್ತೇನೆ. ಮಳೆ ಹಿಡಿದು ಚಿಗುರಿದ ಮೇಲೆ ಬಂದ ಹೂವಿಗೆ ನಾಲ್ಕೈದು ತಿಂಗಳು ಕೂಡಿಸಿದರೆ ಸರಿಯಾಗಿ ಚಳಿಗಾಲ. ಮೊದಲ ಸಲ ಹೂ ಉದುರಿಸುವುದನ್ನು ಕಂಡ ಸೊಸೆ ನನಗೆ ಅರಳುಮರುಳು ಎಂದುಕೊಂಡಿರಬೇಕು. ಜನವರಿಯಲ್ಲಿ ಬುಟ್ಟಿ ತುಂಬಿದ ಮೇಲೆ ಆ ವಿಚಾರ ಎತ್ತಲಿಲ್ಲ.

ಇಷ್ಟೆಲ್ಲ ಕಾದು ಬಂದ ಹಣ್ಣು ಬರೀ ಬೀಜ, ತಿರುಳು ಹುಳಿ ಎನಿಸಿದರೆ ಮರಕ್ಕೆ ಕೊಡಲಿ ಹಾಕಬೇಡಿ. ಬೇರು ಗಟ್ಟಿಯಾಗಿ ಇಳಿದಿದೆ, ಅದು ಸಣ್ಣ ಆಸ್ತಿಯಲ್ಲ. ಮರವನ್ನು ಎದೆಮಟ್ಟಕ್ಕೆ ತಗ್ಗಿಸಿ, ಹೊಸದಾಗಿ ಬಂದ ಚಿಗುರು ಪೆನ್ಸಿಲ್ ದಪ್ಪವಾದಾಗ ತಲೆ ಕತ್ತರಿಸಿ, ನಡುವೆ ಸೀಳಿ, ಒಳ್ಳೆಯ ಮರದ ಕಡ್ಡಿಯನ್ನು ಬೆಣೆಯಂತೆ ಕೆತ್ತಿ ಕೂರಿಸಿ ಪ್ಲಾಸ್ಟಿಕ್ ಪಟ್ಟಿಯಿಂದ ಬಿಗಿಯಬೇಕು. ಕೈ ಪಳಗದವರು ನರ್ಸರಿಯ ಕಸಿಗಾರನನ್ನು ಕರೆಸಿ.

ಕಡೆಗೆ ಹಣ್ಣುನೊಣ. ಕಾಯಿ ದೋರೆಯಾಗುವ ಹೊತ್ತಿಗೆ ಇದು ಸಿಪ್ಪೆಯಡಿ ಮೊಟ್ಟೆ ಚುಚ್ಚಿ ಹೋಗುತ್ತದೆ, ಹುಳ ಒಳಗೆ ತಿಂದು ಬೆಳೆದು, ಹಣ್ಣು ಬಿದ್ದಾಗ ಮಣ್ಣಿಗಿಳಿದು ಕೋಶ ಕಟ್ಟಿ ಮತ್ತೆ ನೊಣವಾಗುತ್ತದೆ. ಔಷಧಿ ಹೊಡೆಯುವುದಕ್ಕಿಂತ ಬಿದ್ದ ಹಣ್ಣನ್ನು ದಿನವೂ ಹೆಕ್ಕುವುದು ಮೇಲು. ಅದನ್ನು ತಿಪ್ಪೆಗೆ ಎಸೆದರೆ ನೊಣವನ್ನು ಸಾಕಿದಂತೆ, ಎರಡಡಿ ಆಳಕ್ಕೆ ಹೂತುಬಿಡಿ. ಮರದ ಬುಡವನ್ನು ಆಗಾಗ ಕೆದಕಿ ಮಣ್ಣಿಗೆ ಬಿಸಿಲು ತೋರಿಸಿ. ಅಂಗಡಿಯಲ್ಲಿ ಸಿಗುವ ಮೋಹಕ ಬಲೆಯನ್ನು ತೂಗುಹಾಕಿದರೆ ಗಂಡು ನೊಣಗಳು ಅದರೊಳಗೆ ಬೀಳುತ್ತವೆ. ಕೈಗೆಟಕುವ ಕಾಯಿಗಳಿಗೆ ನಿಂಬೆ ಗಾತ್ರವಿದ್ದಾಗಲೇ ಹಳೆಯ ಪಂಚೆಯ ಚೂರಿನಿಂದ ಹೊಲಿದ ಚೀಲ ಕಟ್ಟುತ್ತೇನೆ, ಅಳಿಲಿಗೂ ಅದು ಕೊಂಚ ತಡೆ. ಚೀಲ ಕಟ್ಟಲಾಗದ ಮೇಲಿನ ಕಾಯಿಗಳನ್ನು ಹಸಿರು ತಿಳಿಯಾಗುತ್ತಲೇ ತೊಟ್ಟು ಸಮೇತ ಕೊಯ್ದು ಅಕ್ಕಿಡಬ್ಬದಲ್ಲಿಟ್ಟರೆ ಮೂರು ನಾಲ್ಕು ದಿನಕ್ಕೆ ಹಣ್ಣಾಗುತ್ತವೆ. ಅನ್ನವೆಲ್ಲ ಸೀಬೆ ವಾಸನೆ ಎಂದು ಮನೆಯವರು ಗೊಣಗಿದರೆ ಹುಲ್ಲಿನ ಮೇಲೆ ಹರಡಿ ಗೋಣಿತಾಟು ಹೊದಿಸಿಡಿ.